ಆರು ದ್ವೀಪ, ಆರು ಏರು

ಕಡಲಂಚಿನ ದಾರಿ ಅಂದರೆ ಸಪಾಟು ಎಂದುಕೊಂಡು ಹೊರಟವನು ನಾನು. ಮಗಳು ಹಿಂದಿನ ರಾತ್ರಿ ನಕಾಶೆ ಹರಡಿ, "ಅಪ್ಪಾ, ಆರು ಸೇತುವೆ ಇದೆ, ನೋಡ್ಕೋ" ಅಂದಾಗಲೂ "ಸೇತುವೆ ತಾನೆ, ದಾಟಿದರಾಯಿತು" ಅಂದುಬಿಟ್ಟಿದ್ದೆ. ಸೇತುವೆಯ ಕೆಳಗೆ ಹಡಗು ಹೋಗಬೇಕು, ಹಡಗು ಹೋಗಬೇಕಾದರೆ ಸೇತುವೆ ಎತ್ತರದಲ್ಲಿರಬೇಕು, ಅಷ್ಟೆತ್ತರಕ್ಕೆ ನಾನೇ ಸೈಕಲ್ ತುಳಿದುಕೊಂಡು ಹೋಗಬೇಕು. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗಿಂತ ಮೊದಲು ತೊಡೆಗೆ ಗೊತ್ತಾಯಿತು.

ಜಪಾನಿನ ಶಿಮಾನಾಮಿ ಕೈಡೋ, ದೊಡ್ಡ ದ್ವೀಪ ಹೊನ್ಶುವಿನ ಒನೊಮಿಚಿ ಊರಿನಿಂದ ಇನ್ನೊಂದು ದೊಡ್ಡ ದ್ವೀಪ ಶಿಕೋಕುವಿನ ಇಮಾಬರಿವರೆಗಿನ ಹಾದಿ. ನಡುವೆ ಸೆತೋ ಒಳಗಡಲು, ಅದರ ತುಂಬ ದ್ವೀಪಗಳು. ಆರು ದ್ವೀಪಗಳನ್ನು ಒಂದಕ್ಕೊಂದು ಪೋಣಿಸಿದ ಸೇತುವೆಗಳ ಕೆಲಸ ಮುಗಿದು ಹಾದಿ ತೆರೆದದ್ದು 1999ರಲ್ಲಿ. ಸೈಕಲ್ಲಿಗೆ ಸುಮಾರು 70 ಕಿಲೋಮೀಟರ್. ಒನೊಮಿಚಿಯಲ್ಲಿ ಬಾಡಿಗೆಗೆ ಪಡೆದ ಸೈಕಲ್ಲನ್ನು ಇಮಾಬರಿಯಲ್ಲಿ ಬಿಟ್ಟು ಹೋಗಬಹುದು ಎಂಬ ಸೌಕರ್ಯವೇ ನನ್ನಂಥವರನ್ನು ಈ ಸಾಹಸಕ್ಕೆ ಇಳಿಸುವುದು.

ನವೆಂಬರ್ ನಡುವಿನ ಬೆಳಗು, ಕೈಬೆರಳು ಸೆಟೆಯುವಷ್ಟು ಚಳಿ. ಮೊದಲ ದ್ವೀಪ ಮುಕಾಯಿಶಿಮಾಕ್ಕೆ ಹೋಗಲು ಐದೇ ನಿಮಿಷದ ದೋಣಿ. ಎಂಜಿನ್ನಿನ ಗುಡುಗುಡು ಕಿವಿಗೆ ಹೊಂದಿಕೊಳ್ಳುವಷ್ಟರಲ್ಲಿ ಆಚೆ ದಡ. ಇಳಿದ ಕೂಡಲೇ ರಸ್ತೆಯ ಎಡ ಅಂಚಿಗೆ ಒಂದು ನೀಲಿ ಗೆರೆ ಶುರು. ಅದು ಇಮಾಬರಿವರೆಗೆ ಬಿಡದೆ ಜೊತೆಗೆ ಬರುತ್ತದೆ, ನಡುನಡುವೆ ಇನ್ನೆಷ್ಟು ದೂರ ಎಂದು ನೆಲದ ಮೇಲೆ ಬರೆದಿರುತ್ತದೆ. ಅಲ್ಲೂ ವಾಹನ ನಮ್ಮ ಹಾಗೆ ಎಡಕ್ಕೇ. ಹಾಗಾಗಿ ದಾರಿಯ ಚಿಂತೆಯೇ ಇಲ್ಲ. ಉಳಿದದ್ದು ಏರಿನ ಚಿಂತೆ.

ಮೊದಲ ಏರು ಇನ್ನೊಶಿಮಾ ಸೇತುವೆಯದು. ಹಾದಿ ಮಾಡಿದವರು ಸೈಕಲ್ಲಿನವರ ಮೇಲೆ ಕರುಣೆಯಿಟ್ಟೇ ಮಾಡಿದ್ದಾರೆ. ಸೇತುವೆಗೆ ಹತ್ತುವ ಪ್ರತ್ಯೇಕ ದಾರಿಗಳ ಏರಿಕೆ ಸುಮಾರು ಮೂರು ಶೇಕಡ, ನೂರು ಮೀಟರ್ ಮುಂದೆ ಹೋದರೆ ಮೂರು ಮೀಟರ್ ಮೇಲೆ. ಗುಡ್ಡದ ಮೈಗೆ ಸುತ್ತಿಕೊಂಡು, ಕಿತ್ತಳೆ ತೋಟಗಳ ನಡುವೆ ನಿಧಾನಕ್ಕೆ ಎತ್ತಿಕೊಂಡು ಹೋಗುತ್ತದೆ. ಸಣ್ಣ ಗಿಯರ್ ಹಾಕಿ ಅವಸರ ಬಿಟ್ಟರೆ ಉಸಿರು ಕೆಡುವುದಿಲ್ಲ. ನಾನು ಮೊದಲ ಏರಿಗೇ ಅವಸರ ಮಾಡಿದೆ. 1983ರ ಆ ತೂಗುಸೇತುವೆಯಲ್ಲಿ ಕಾರು ಲಾರಿಗಳು ಮೇಲಂತಸ್ತಿನಲ್ಲಿ, ನಾವು ಅವುಗಳ ಹೊಟ್ಟೆಯಡಿ ಉಕ್ಕಿನ ಪಂಜರದಲ್ಲಿ. ತಲೆಯ ಮೇಲೆ ಚಕ್ರಗಳ ಸದ್ದು, ಕಂಬಿಗಳ ಸಂದಿಯಲ್ಲಿ ತುಂಡು ತುಂಡಾಗಿ ಸಮುದ್ರ.

ಹತ್ತಿದ್ದಕ್ಕೆಲ್ಲ ಆಚೆ ಬದಿಯಲ್ಲಿ ಇಳಿಜಾರು ಸಿಕ್ಕೇ ಸಿಗುತ್ತದೆ. ಕೊಟ್ಟ ಸಾಲ ಪೂರ್ತಿ ವಾಪಸ್ ಬರುವ ಅಪರೂಪದ ವ್ಯವಹಾರ. ಎದುರುಗಾಳಿ ಮಾತ್ರ ಒಂದಿಷ್ಟು ಮುರಿದುಕೊಳ್ಳುತ್ತದೆ.

ಮೂರನೆಯ ದ್ವೀಪ ಇಕುಚಿಜಿಮಾ ಲಿಂಬೆಗೆ ಹೆಸರುವಾಸಿ. ದಾರಿ ಅಲ್ಲಿ ನೀರಿಗೆ ಅಂಟಿಕೊಂಡೇ ಸಾಗುತ್ತದೆ. ಅಲೆಯೆಂಬುದೇ ಇಲ್ಲ, ಕೆರೆಯ ಹಾಗೆ ಕೂತ ಕಡಲು, ಹಿಂದೆ ಒಂದಕ್ಕಿಂತ ಒಂದು ಮಸುಕಾದ ದ್ವೀಪಗಳ ಬೆನ್ನು. ಒಂದು ತಿರುವಿನಲ್ಲಿ ಹಲಗೆಯ ಗೂಡಂಗಡಿ, ಆಳಿಲ್ಲ, ಚೀಲಗಟ್ಟಿದ ಕಿತ್ತಳೆ, ಪಕ್ಕದಲ್ಲಿ ದುಡ್ಡು ಹಾಕಲು ಡಬ್ಬಿ. ನಾನು ನಾಣ್ಯ ಹಾಕಿ ದೊಡ್ಡ ಚೀಲವನ್ನೇ ಎತ್ತಿಕೊಂಡೆ.

"ಅಪ್ಪಾ, ಇನ್ನೂ ನಾಲ್ಕು ಸೇತುವೆ ಇದೆ."

"ಎರಡು ಕಿಲೋ ಏನು ಮಹಾ!"

ಹ್ಯಾಂಡಲ್ಲಿಗೆ ತೂಗುಹಾಕಿದ ಆ ಚೀಲ ಪ್ರತಿ ತುಳಿತಕ್ಕೂ ಮೊಣಕಾಲಿಗೆ ಬಡಿಯುತ್ತಿತ್ತು. ಮಗಳು ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ತತಾರಾ ಸೇತುವೆ ದೂರದಿಂದಲೇ ಕಾಣುತ್ತದೆ. ಎರಡು ಗೋಪುರ, ಅವುಗಳ ತುದಿಯಿಂದ ಬೀಸಣಿಗೆಯ ಕಡ್ಡಿಗಳ ಹಾಗೆ ಇಳಿದ ಉಕ್ಕಿನ ಹಗ್ಗಗಳು, ನಡುವೆ 890 ಮೀಟರ್ ಅಂಕಣ. ಕಟ್ಟಿದಾಗ ಈ ಬಗೆಯ ಸೇತುವೆಗಳಲ್ಲಿ ಜಗತ್ತಿಗೇ ಉದ್ದದ್ದು. ಮೊದಲು ಇಲ್ಲಿ ತೂಗುಸೇತುವೆ ಬರಬೇಕಿತ್ತಂತೆ. ಅದರ ಹಗ್ಗದ ತುದಿಗಳನ್ನು ಹೂಳಲು ಗುಡ್ಡ ಅಗೆಯಬೇಕಾಗುತ್ತದೆಂದು ವಿನ್ಯಾಸವನ್ನೇ ಬದಲಿಸಿದರು. ಗುಡ್ಡ ಉಳಿದಿದೆ, ಅದರ ಕಾಡೂ ಉಳಿದಿದೆ. ಗೋಪುರದ ಎರಡು ಕಾಲುಗಳ ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಆ ಗೋಡೆಯಿಂದ ಈ ಗೋಡೆಗೆ ಪುಟಿಯುತ್ತ ರ್‍ರ್‍ರ್ ಎಂದು ಮೇಲೆ ಏರಿಹೋಗುತ್ತದೆ. 'ಕೂಗುವ ಡ್ರ್ಯಾಗನ್' ಎನ್ನುತ್ತಾರೆ. ಒಮ್ಮೆ ತಟ್ಟಿ ಮುಂದೆ ಹೋಗಬೇಕೆಂದಿದ್ದೆ, ಹತ್ತಿಪ್ಪತ್ತು ಸಲವಾದರೂ ತಟ್ಟಿರಬೇಕು. ಸುಸ್ತಾದವನಿಗೆ ನಿಲ್ಲಲು ಇದಕ್ಕಿಂತ ಮರ್ಯಾದೆಯ ನೆಪ ಸಿಗದು. ಸೇತುವೆಯ ನಡುವೆ ಹಿರೋಶಿಮಾ ಪ್ರಾಂತ್ಯ ಮುಗಿದು ಎಹಿಮೆ ಪ್ರಾಂತ್ಯ ಶುರುವಾಗುವ ಗೆರೆ ಎಳೆದಿದ್ದಾರೆ.

ಒಮಿಶಿಮಾ, ಹಕಾತಾಜಿಮಾ ಎರಡೂ ಬೇಗ ಕಳೆದವು. ಹೊತ್ತು ಮೀರುತ್ತಿತ್ತು, ನಾವು ನಿಲ್ಲಲಿಲ್ಲ. ಈ ಎರಡರ ನಡುವಿನ ಕಮಾನು ಸೇತುವೆ 1979ರದು, ಇಡೀ ಸಾಲಿನ ಹಿರಿಯಣ್ಣ.

ನಿಜವಾದ ಪೆಟ್ಟು ಬಿದ್ದದ್ದು ಕೊನೆಯ ದ್ವೀಪ ಓಶಿಮಾದಲ್ಲಿ. ಸೇತುವೆಯ ದಾರಿಗಳು ಸೈಕಲ್ಲಿಗೆಂದೇ ಮಾಡಿದವು, ದ್ವೀಪದೊಳಗಿನ ರಸ್ತೆ ಹಾಗಲ್ಲ. ಅದು ದಡ ಬಿಟ್ಟು ನೇರ ಗುಡ್ಡಕ್ಕೆ ಹತ್ತುತ್ತದೆ, ಇಳಿದು ಮತ್ತೆ ಹತ್ತುತ್ತದೆ. ಮೂರು ಶೇಕಡದ ಕರುಣೆ ಅಲ್ಲಿಲ್ಲ. ಮೊದಲ ಗುಡ್ಡದ ಅರ್ಧದಲ್ಲಿ ಇಳಿದು ಸೈಕಲ್ ತಳ್ಳಿದೆ. ಎರಡನೆಯದರ ಬುಡದಲ್ಲಿ ರಸ್ತೆ ಬದಿ ಕೂತು, ಭಾರ ಇಳಿಸುವ ಒಂದೇ ಉಪಾಯವೆಂದು, ಕಿತ್ತಳೆ ಸುಲಿಯತೊಡಗಿದೆ. ಮಗಳೂ ಕೂತಳು. ಮಾತಿಲ್ಲದೆ ಅರ್ಧ ಚೀಲ ಖಾಲಿ ಮಾಡಿದೆವು. ಭಾರ ಚೀಲದಿಂದ ಹೊಟ್ಟೆಗೆ ಬಂದಿತೇ ಹೊರತು ಸೈಕಲ್ಲಿನಿಂದ ಇಳಿಯಲಿಲ್ಲ ಎಂಬುದು ಮತ್ತೆ ತುಳಿಯತೊಡಗಿದ ಮೇಲೆ ಗೊತ್ತಾಯಿತು.

ಕುರುಶಿಮಾ ಜಲಸಂಧಿಯ ಸೇತುವೆ ಹತ್ತುವಾಗ ಹೊತ್ತು ಮುಳುಗುತ್ತಿತ್ತು. ಒಂದರ ಬಾಲಕ್ಕೆ ಒಂದರಂತೆ ಮೂರು ತೂಗುಸೇತುವೆ, ಒಟ್ಟು ನಾಲ್ಕು ಕಿಲೋಮೀಟರ್, ಕೆಳಗೆ ಹಡಗು ಹೋಗಲು ಬಿಟ್ಟ ಎತ್ತರ 65 ಮೀಟರ್. ಬೆಳಗಿನಿಂದ ಕೆರೆಯಂತಿದ್ದ ಕಡಲು ಇಲ್ಲಿ ಬೇರೆಯೇ. ಉಬ್ಬರವಿಳಿತದ ನೀರೆಲ್ಲ ಈ ಇಕ್ಕಟ್ಟಿನಲ್ಲೇ ನುಗ್ಗಬೇಕು. ಸೆಳೆತ ಜೋರಾದಾಗ 10 ನಾಟ್ ಮುಟ್ಟುತ್ತದೆ, ಗಂಟೆಗೆ 18 ಕಿಲೋಮೀಟರಿಗೂ ಹೆಚ್ಚು. ನನ್ನ ಆ ದಿನದ ಸರಾಸರಿಗಿಂತ ಜೋರು. ಹಾಗಾಗಿ ಹಡಗುಗಳಿಗೊಂದು ವಿಚಿತ್ರ ನಿಯಮ: ನೀರಿನ ಜೊತೆ ಹೋಗುವವು ನಡುವಿನ ಕಾಲುವೆಯಲ್ಲಿ, ನೀರಿಗೆದುರಾಗಿ ಬರುವವು ಪಶ್ಚಿಮದ ಕಾಲುವೆಯಲ್ಲಿ. ಸೆಳೆತ ದಿಕ್ಕು ಬದಲಿಸಿದರೆ ಹಡಗುಗಳೂ ಬದಿ ಬದಲಿಸುತ್ತವೆ. ಮೇಲೆ ನಾವು ದಿನವಿಡೀ ಎಡಕ್ಕೇ ಅಂಟಿಕೊಂಡು ಬಂದಿದ್ದರೆ, ಕೆಳಗೆ ಎಡಬಲ ತೀರ್ಮಾನಿಸುವುದು ಚಂದ್ರ.

ಮೂರನೆಯ ಸೇತುವೆಯ ನಡುವೆ ಕಟಕಟೆಗೆ ಒರಗಿ ನಿಂತೆವು. ಕೆಳಗೆ ನೀರು ಸುರುಳಿ ಸುತ್ತಿ, ಒಡೆದು, ಮತ್ತೆ ಸುತ್ತುತ್ತಿತ್ತು. ದೀಪ ಹಚ್ಚಿಕೊಂಡ ಸರಕಿನ ಹಡಗೊಂದು ಎದುರು ಸೆಳೆತಕ್ಕೆ ಮುಖಕೊಟ್ಟಿತ್ತು. ಹಿಂದೆ ನೊರೆ ಏಳುತ್ತಿದೆ, ಎಂಜಿನ್ ದುಡಿಯುತ್ತಿದೆ, ಹಡಗು ಮಾತ್ರ ಇದ್ದಲ್ಲೇ ಇದ್ದಂತೆ. ಬಹಳ ಹೊತ್ತು ನೋಡಿದ ಮೇಲೆ ಒಂದಿಷ್ಟು ಮುಂದೆ ಬಂದದ್ದು ಗೊತ್ತಾಯಿತು.

"ಅಪ್ಪಾ, ಅದೂ ಕಿತ್ತಳೆ ಹೇರ್ಕೊಂಡಿರಬೇಕು" ಅಂದಳು ಮಗಳು.