ಮೃಗಶಿರದಲ್ಲಿ ಬುಕ್ಕಿಂಗ್, ಆರಿದ್ರದಲ್ಲಿ ಪಾರ್ಸೆಲ್: ಒಂದು ಹೊಸ ವಾಚಿನ ದಿನಚರಿ

ಜೂನ್ 9, ಚಿಕ್ಕಮಗಳೂರು

ಮೃಗಶಿರ ಮಳೆ ಹಿಡಿದಿದೆ, ವಾಚು ಇನ್ನೂ ಬುಕ್ ಆಗಿಲ್ಲ. ಹೊಸ ವಾಚಿನ ಖುಷಿಯಲ್ಲಿ ಅರ್ಧ ಅದು ಕೈಗೆ ಬರುವ ಮೊದಲೇ ಸಿಕ್ಕಿಬಿಡುತ್ತದೆ. ಆ ಅರ್ಧವನ್ನು ಫೋಟೊ ನೋಡುತ್ತಾ ಕಳೆಯದೆ ಅಳತೆ ತೆಗೆಯಲು, ಸಲಕರಣೆ ಹೊಂದಿಸಲು ಬಳಸಿದರೆ ಉಳಿದರ್ಧ ಕೆಡುವುದಿಲ್ಲ. ಅದಕ್ಕೇ ಈ ದಿನಚರಿ.

ಲೆಕ್ಕಕ್ಕೆ ತೆಗೆದುಕೊಂಡದ್ದು ಮೂರು. ಮೊದಲನೆಯದು ಎಚ್‌ಎಂಟಿ ಜನತಾ: 17 ಜ್ಯುವೆಲ್ (ಯಂತ್ರದಲ್ಲಿ ಉಜ್ಜುವ ಜಾಗಕ್ಕೆ ಕೂರಿಸುವ ಹರಳು), ದಿನಾ ಕೀ ಕೊಡುವ ವಾಚು. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಸರಕು. ಮನಸ್ಸು ಅಲ್ಲೇ ಇತ್ತು. ತೊಂದರೆ ಏನೆಂದರೆ, 'ಹಳೇ ಸ್ಟಾಕು, ಬಳಸಿಲ್ಲ' ಎಂದು ಈಗ ಮಾರುವುದರಲ್ಲಿ ಬಹಳಷ್ಟಕ್ಕೆ ಡಯಲ್ಲು ಮತ್ತೆ ಬಳಿದಿರುತ್ತಾರೆ. ಕಂಡುಹಿಡಿಯಲು 10 ಪಟ್ಟು ಲೆನ್ಸು ಸಾಕು. ಅಕ್ಷರದ ಅಂಚು ಹರಡಿರುತ್ತದೆ, ನಿಮಿಷದ ಗೆರೆಗಳ ನಡುವಿನ ಅಂತರ ಹೆಚ್ಚುಕಡಿಮೆ ಇರುತ್ತದೆ, ಕೇಸನ್ನು ಪಾಲಿಶ್ ಮಾಡಿ ಮಾಡಿ ಮೂಲೆಗಳೆಲ್ಲ ಸೋಪಿನ ಹಾಗೆ ಸವೆದಿರುತ್ತವೆ. ಗಿಳಿ ಹಸಿರು, ಕುಂಕುಮ ಕೆಂಪು ಬಣ್ಣದ ಎಚ್‌ಎಂಟಿ 'ಪೈಲಟ್' ಕಂಡರೆ ಅನುಮಾನ ಪಡುವುದೇ ಒಳ್ಳೆಯದು. ಡಯಲ್ಲು ಅಸಲಿಯೇ ಸಿಕ್ಕಿದರೂ ಅಷ್ಟು ವರ್ಷದ ಹಳೇ ಸೀಲು ಮಲೆನಾಡಿನ ಮಳೆಗೆ ತಡೆಯುವುದಿಲ್ಲ. ಬೇಸಿಗೆಗೆ ಇರಲಿ ಎಂದು ಬದಿಗಿಟ್ಟಾಯಿತು.

ಎರಡನೆಯದು ಸೆಲ್ಲಿನ ವಾಚು. ಟೈಮು ಮಾತ್ರ ಬೇಕೆನ್ನುವವರು ಇದನ್ನೇ ತಗೊಳ್ಳಿ. ಸಾಧಾರಣ ಕ್ವಾರ್ಟ್ಜ್ ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡು ಆಚೀಚೆ ಆಗುತ್ತದೆ, ಅಷ್ಟೆ. ದಿನಚರಿ ಬರೆಯುವುದಕ್ಕೆ ಏನೂ ಸಿಗುವುದಿಲ್ಲ ಎನ್ನುವುದೊಂದೇ ಕೊರತೆ.

ಮೂರನೆಯದು ಸೀಕೊ 5 ಸ್ಪೋರ್ಟ್ಸ್, ಎಸ್‌ಆರ್‌ಪಿಇ53, ನೀಲಿ ಡಯಲ್ಲು. ಕೇಸು 40 ಮಿ.ಮೀ., ದಪ್ಪ 11.5, ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಗೆ 44.6, ಬೆಲ್ಟು ಕೂರುವ ಜಾಗ 20, ನೀರಿಗೆ 100 ಮೀಟರ್. ಒಳಗಿರುವುದು 4ಆರ್36 ಯಂತ್ರ: 24 ಜ್ಯುವೆಲ್, ಗಂಟೆಗೆ 21,600 ಬಡಿತ, ಪೂರ್ತಿ ಕೀ ಇದ್ದರೆ 41 ಗಂಟೆ ಓಟ. ಕಂಪನಿ ಹೇಳುವ ನಿಖರತೆ ದಿನಕ್ಕೆ +45ರಿಂದ −35 ಸೆಕೆಂಡು. ಈ ಸಂಖ್ಯೆ ನೋಡಿ ಗಾಬರಿಯಾಗಬೇಕಿಲ್ಲ. ಅದು ಮಿತಿ ಮಾತ್ರ, ಕೈಯಲ್ಲಿ ಕಟ್ಟಿದಾಗ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಚೆನ್ನಾಗಿ ನಡೆಯುತ್ತದೆ. ಕೀ ಮೂರರ ಬದಲು ನಾಲ್ಕರ ಹತ್ತಿರ ಅಡಗಿ ಕೂತಿರುವುದು 1963ರ ಮೊದಲ ಸೀಕೊ 5ರಿಂದ ಬಂದ ರೂಢಿ. ತಾನೇ ಕೀ ಸುತ್ತಿಕೊಳ್ಳುವ ವಾಚಿನಲ್ಲಿ ಅದನ್ನು ಪದೇ ಪದೇ ಮುಟ್ಟಬೇಕಿಲ್ಲ ಎನ್ನುವ ಲೆಕ್ಕ. ಮುಂಗೈ ಮಡಚಿದಾಗ ಚುಚ್ಚುವುದೂ ಇಲ್ಲ.

ಜೂನ್ 11

ಬುಕ್ ಮಾಡುವ ಮುಂಚೆ ಕಾಗದದ ಪರೀಕ್ಷೆ. ಹಳೇ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ 40 ಮಿ.ಮೀ. ಬಿಲ್ಲೆ ಬರೆದು, ಮೇಲೂ ಕೆಳಗೂ ಕೊಂಬು ಬಿಟ್ಟು, ಒಟ್ಟು ಉದ್ದ 44.6ಕ್ಕೆ ಕತ್ತರಿಸಿ ಮಣಿಕಟ್ಟಿನ ಮೇಲೆ ಇಡುವುದು. ಕೊಂಬಿನ ತುದಿ ಮಣಿಕಟ್ಟಿನ ಚಪ್ಪಟೆ ಭಾಗದಿಂದ ಹೊರಗೆ ಚಾಚಬಾರದು. ನೂಲು ಸುತ್ತಿ ಸ್ಕೇಲಿಗೆ ಹಿಡಿದರೆ ಸುತ್ತಳತೆ 165 ಮಿ.ಮೀ., ಮೇಲಿನ ಚಪ್ಪಟೆ ಅಗಲ 54. ಜಾಗ ಧಾರಾಳ. ಸುತ್ತಳತೆ ಒಂದನ್ನೇ ನೋಡಿ ತೀರ್ಮಾನಿಸುವುದು ಎಲ್ಲರೂ ಮಾಡುವ ತಪ್ಪು. ಉರುಟು ಕೈಗೂ ಚಪ್ಪಟೆ ಕೈಗೂ ಸುತ್ತಳತೆ ಒಂದೇ ಇದ್ದರೂ ಕೂರುವ ವಾಚು ಬೇರೆ. ಅಳತೆ ಸಂಜೆ ತೆಗೆಯಿರಿ. ಬೆಳಗಿನ ಚಳಿಗೆ ಕೈ ಕುಗ್ಗಿರುತ್ತದೆ.

ಸಂಜೆ ಸೀಕೊ ಬುಕ್ ಆಯಿತು. ಜಿಎಸ್‌ಟಿ ಬಿಲ್ಲು, ಮಾರಿದವರ ಮೊಹರಿರುವ ವಾರಂಟಿ ಕಾರ್ಡು ಎರಡೂ ಕೊಡುತ್ತಾರೆಯೇ ಎಂದು ಬರವಣಿಗೆಯಲ್ಲೇ ಕೇಳಿ ಇಟ್ಟುಕೊಂಡದ್ದಾಗಿದೆ.

ಜೂನ್ 15

ಕಾಯುವ ದಿನಗಳ ಸಾಮಾನು ಪಟ್ಟಿ: ಬೆಲ್ಟನ್ನು ಕೊಂಬಿಗೆ ಹಿಡಿದಿಡುವ ಸ್ಪ್ರಿಂಗ್ ಬಾರ್ ತೆಗೆಯುವ ಕಡ್ಡಿ (ಒಂದು ತುದಿ ಕವಲು, ಇನ್ನೊಂದು ಮೊನೆ), ಚೈನಿನ ಪಿನ್ನು ತಳ್ಳಲು 0.8 ಮತ್ತು 1.0 ಮಿ.ಮೀ. ಪಂಚು, ಪುಟ್ಟ ಸುತ್ತಿಗೆ, ಕೊಂಬಿಗೆ ಅಂಟಿಸಲು ಪೇಂಟರ್ ಟೇಪು, ಲೆನ್ಸು, 20 ಮಿ.ಮೀ. ನೈಲಾನ್ ಬೆಲ್ಟು, 5 ಗ್ರಾಂ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು, ಬಿಗಿ ಮುಚ್ಚಳದ ಡಬ್ಬಿ ಒಂದು.

ಚರ್ಮದ ಬೆಲ್ಟು ಪಟ್ಟಿಯಲ್ಲಿ ಬೇಕೆಂದೇ ಸೇರಿಸಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಲ್ದೂರು, ಮೂಡಿಗೆರೆ, ಕೊಪ್ಪದ ಕಡೆ ಚರ್ಮದ ಚಪ್ಪಲಿಗೆ ಏನಾಗುತ್ತದೋ ಬೆಲ್ಟಿಗೂ ಅದೇ. ಮೂರು ದಿನ ಕಪಾಟಿನಲ್ಲಿಟ್ಟರೆ ಬೂಷ್ಟು, ಬೆವರು ಕುಡಿದರೆ ವಾಸನೆ. ನೈಲಾನ್ ತೊಳೆದು ಒಲೆಯ ಪಕ್ಕ ನೇತು ಹಾಕಿದರೆ ರಾತ್ರಿ ಬೆಳಗಾಗುವುದರೊಳಗೆ ಒಣಗುತ್ತದೆ.

ಜೂನ್ 21

ಪಾರ್ಸೆಲ್ಲು ಹಾಸನದಲ್ಲಿ ಮೂರು ದಿನದಿಂದ ಕೂತಿದೆ. ಟ್ರ್ಯಾಕಿಂಗ್ ಪುಟ ಬದಲಾಗಿಲ್ಲ. ಅರವತ್ತು ಕಿಲೋಮೀಟರಿನ ಆಸುಪಾಸು ಅಷ್ಟೇ, ಬಸ್ಸು ಹತ್ತಿದರೆ ಎರಡು ಗಂಟೆ. ಬರೆಯಲು ಬೇರೇನಿಲ್ಲ.

ಜೂನ್ 24

ಆರಿದ್ರ ಹುಟ್ಟಿದ ಬೆನ್ನಿಗೇ ಪಾರ್ಸೆಲ್ಲು ಬಂತು, ಹೊರಗಿನ ರಟ್ಟು ನೆನೆದಿತ್ತು. ತೆರೆಯುವಾಗ ವಿಡಿಯೊ, ಒಂದೇ ಓಟದಲ್ಲಿ: ವಿಳಾಸದ ಚೀಟಿ, ಟೇಪು, ಪೆಟ್ಟಿಗೆ, ವಾಚು, ಹಿಂಬದಿಯ ನಂಬರು. ಪ್ಲಾಸ್ಟಿಕ್ ಹಾಳೆ ಕೀಳಬೇಡಿ, ಚೈನು ಮುಟ್ಟಬೇಡಿ. ಕೊಂಡಿ ತೆಗೆದ ವಾಚನ್ನು ಸಾಮಾನ್ಯವಾಗಿ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.

ಮೊದಲು ಜಾತಕ. ಹಿಂಬದಿಯ ಆರಂಕಿಯ ನಂಬರಿನಲ್ಲಿ ಮೊದಲನೆಯದು ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಒಂದರಿಂದ ಒಂಬತ್ತು ಹಾಗೇ ಇರುತ್ತದೆ. ಅಕ್ಟೋಬರಿಗೆ ಸೊನ್ನೆ ಅಥವಾ 'ಓ', ನವೆಂಬರಿಗೆ 'ಎನ್', ಡಿಸೆಂಬರಿಗೆ 'ಡಿ'. ವಾರಂಟಿ ಕಾರ್ಡಿನ ನಂಬರಿಗೆ ತಾಳೆ ನೋಡಿದ್ದಾಯಿತು.

ಆಮೇಲೆ ಲೆನ್ಸು. ಗ್ಲಾಸಿನ ಒಳಗೆ ಧೂಳು, ಮುಳ್ಳಿನ ತುದಿಯಲ್ಲಿ ಗೀರು, 12ರ ಗುರುತು ಹೊರ ಉಂಗುರದ ಗೆರೆಗೆ ನೇರವಾಗಿದೆಯೇ, ವಾರ ಮತ್ತು ತಾರೀಕು ಕಿಟಕಿಯ ನಡುವೆ ಇದೆಯೇ. (ವಾರ ಇಂಗ್ಲಿಷಿನಲ್ಲಿ ಮತ್ತು ಮಾರುಕಟ್ಟೆಗೆ ತಕ್ಕ ಇನ್ನೊಂದು ಭಾಷೆಯಲ್ಲಿ ಬರುತ್ತದೆ. ಕನ್ನಡದ 'ಸೋಮ' ಸಿಗದೇ ಇರುವುದು ನಮ್ಮ ಹಣೆಬರಹ.) ಅಲ್ಲಾಡಿಸಿದಾಗ ರೋಟರ್ (ತಾನೇ ಕೀ ಸುತ್ತುವ ಒಳಗಿನ ತೂಕ) ಸುತ್ತುವ ಮೆತ್ತನೆ ಸದ್ದು ಸರಿ, ಕಬ್ಬಿಣ ತಿಕ್ಕಿದ ಹಾಗೆ ಕೇಳಿದರೆ ತಪ್ಪು.

ಟೈಮು ಇಡುವಾಗ ಆಗುವ ಅನಾಹುತವೇ ಹೊಸ ವಾಚಿನ ದೊಡ್ಡ ಅನಾಹುತ. ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ ತಾರೀಕು ಬದಲಿಸುವ ಹಲ್ಲುಗಳು ಕೂಡಿಕೊಂಡಿರುತ್ತವೆ. ಆ ಹೊತ್ತಿನಲ್ಲಿ ಕೀ ಒಂದು ಮೆಟ್ಟಿಲು ಎಳೆದು ತಾರೀಕು ತಿರುಗಿಸಿದರೆ ಪ್ಲಾಸ್ಟಿಕ್ ಹಲ್ಲು ಮುರಿಯಬಹುದು. ಅಂಗಡಿಯಿಂದ ನಿಂತು ಬಂದ ವಾಚು 10 ಗಂಟೆ ತೋರಿಸುತ್ತಿದ್ದರೆ ಅದು ಬೆಳಗಿನದೋ ರಾತ್ರಿಯದೋ ಯಾರಿಗೆ ಗೊತ್ತು? ಆದ್ದರಿಂದ ಕ್ರಮ ಹೀಗೆ: ಕೀಯನ್ನು 20-30 ಸುತ್ತು ಸುತ್ತಿ, ಎರಡನೇ ಮೆಟ್ಟಿಲಿಗೆ ಎಳೆದು ತಾರೀಕು ಬದಲಾಗುವವರೆಗೆ ಮುಳ್ಳು ಮುಂದಕ್ಕೆ ತನ್ನಿ, ಅದು ನಡುರಾತ್ರಿ, ಅಲ್ಲಿಂದ ಬೆಳಗಿನ 6ಕ್ಕೆ ದಾಟಿಸಿ, ಮೊದಲ ಮೆಟ್ಟಿಲಿಗೆ ತಂದು ಒಂದು ಕಡೆ ತಿರುಗಿಸಿ ತಾರೀಕು, ಇನ್ನೊಂದು ಕಡೆ ತಿರುಗಿಸಿ ವಾರ ಇಡಿ, ಕೊನೆಗೆ ಎರಡನೇ ಮೆಟ್ಟಿಲಿನಲ್ಲಿ ಟೈಮು. ಸೆಕೆಂಡು ಮುಳ್ಳು 12ಕ್ಕೆ ಬಂದಾಗ ಎಳೆದರೆ ಅಲ್ಲೇ ನಿಲ್ಲುತ್ತದೆ. ನಿಮಿಷದ ಮುಳ್ಳನ್ನು ಐದು ನಿಮಿಷ ಹಿಂದಕ್ಕೆ ಒಯ್ದು, ಮುಂದಕ್ಕೆ ತರುತ್ತಾ ಗೆರೆಗೆ ಕೂರಿಸಬೇಕು, ಇಲ್ಲದಿದ್ದರೆ ಹಲ್ಲುಗಳ ನಡುವಿನ ಸಡಿಲಕ್ಕೆ ಮುಳ್ಳು ಅರ್ಧ ನಿಮಿಷ ಹಿಂದೆ ಬೀಳುತ್ತದೆ. ತಾಳೆ ನೋಡಲು ಫೋನಿನ ಆಟೊಮ್ಯಾಟಿಕ್ ಟೈಮು ಸಾಕು. ರೇಡಿಯೊ ಆ್ಯಪ್‌ನಲ್ಲಿ ಬರುವ ಪೀಪ್ ನಂಬಬೇಡಿ, ಇಂಟರ್ನೆಟ್ಟಿನಲ್ಲಿ ಅದು ಕೆಲವು ಸೆಕೆಂಡು ತಡವಾಗಿಯೇ ಬರುತ್ತದೆ.

ಈ ಕೀಗೆ ತಿರುಪು ಇಲ್ಲ, ಒತ್ತಿದರೆ ಮುಚ್ಚುವುದು. ಒತ್ತಿದ್ದು ಪೂರ್ತಿ ಕೂತಿದೆಯೇ ಎಂದು ಉಗುರಿನಲ್ಲಿ ಮುಟ್ಟಿ ನೋಡಿಯೇ ಮಳೆಗೆ ಇಳಿಯಬೇಕು.

ಜೂನ್ 26

ಫೋನಿನ ಟೈಮಿಂಗ್ ಆ್ಯಪ್‌ನಲ್ಲಿ ಅಳತೆ, ಲಿಫ್ಟ್ ಆಂಗಲ್ (ಯಂತ್ರಕ್ಕೆ ತಕ್ಕಂತೆ ಆ್ಯಪ್‌ಗೆ ಕೊಡಬೇಕಾದ ಕೋನ) 53ಕ್ಕೆ ಇಟ್ಟು. ಮೊದಲ ಸಲ ಸಂಖ್ಯೆ ಹುಚ್ಚಾಪಟ್ಟೆ ಕುಣಿಯಿತು. ಕಾರಣ ವಾಚಲ್ಲ, ಜಿಂಕ್ ಶೀಟಿನ ಮೇಲೆ ಸುರಿಯುತ್ತಿದ್ದ ಮಳೆ. ವೈರ್ ಇಯರ್‌ಫೋನಿನ ಮೈಕನ್ನು ವಾಚಿನ ಹಿಂಬದಿಗೆ ಒತ್ತಿ, ಹತ್ತಿಯಲ್ಲಿ ಸುತ್ತಿ, ಎರಡು ದಿಂಬಿನ ನಡುವೆ ಹುಗಿದ ಮೇಲೆ ಗೆರೆ ನೆಟ್ಟಗಾಯಿತು. ಪೂರ್ತಿ ಕೀ, ಮುಖ ಮೇಲೆ: ಆಂಪ್ಲಿಟ್ಯೂಡ್ (ಬಡಿತ ಕೊಡುವ ಬ್ಯಾಲೆನ್ಸ್ ವೀಲು ತೂಗುವ ಕೋನ) 268 ಡಿಗ್ರಿ, ಬೀಟ್ ಎರರ್ (ಟಿಕ್‌ಗೂ ಟಾಕ್‌ಗೂ ಇರುವ ವ್ಯತ್ಯಾಸ) 0.3 ಮಿಲಿಸೆಕೆಂಡು, ದಿನಕ್ಕೆ +11. ಒಂದು ದಿನ ಮುಟ್ಟದೆ ಬಿಟ್ಟ ಮೇಲೆ 226 ಡಿಗ್ರಿ. ಇಳಿಯುವುದು ಸಹಜ, ಸ್ಪ್ರಿಂಗಿನ ಬಲ ಕರಗಿದಂತೆ ಬ್ಯಾಲೆನ್ಸ್ ವೀಲು ತೂಗುವುದೂ ಕಡಿಮೆಯಾಗುತ್ತದೆ. ಪೂರ್ತಿ ಕೀ ಇದ್ದೂ 200ರ ಕೆಳಗಿದ್ದರೆ ಮಾತ್ರ ವಾರಂಟಿ ಕಾರ್ಡು ಹೊರಗೆ ತೆಗೆಯಿರಿ.

ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಿದರೆ ಅದರ ಕಥೆ ಬೇರೆ: ಬ್ಯಾಲೆನ್ಸ್ ವೀಲಿನ ಸುರುಳಿಯಾದ ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದು ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿವೆ, ಸ್ಪ್ರಿಂಗಿನ ಉದ್ದ ಕಮ್ಮಿಯಾದಂತೆ ಆಗಿ ಬಡಿತದ ವೇಗ ಹೆಚ್ಚಿದೆ. ಫೋನ್ ಕವರಿನ ಮ್ಯಾಗ್ನೆಟ್ಟು, ಸ್ಪೀಕರು, ಬ್ಯಾಗಿನ ಗುಂಡಿ ಇವೇ ಮಾಮೂಲಿ ಕಾರಣ. ದಿಕ್ಸೂಚಿ ಹತ್ತಿರ ಹಿಡಿದಾಗ ಮುಳ್ಳು ಅಲ್ಲಾಡಿದರೆ ರಿಪೇರಿಯವರ ಹತ್ತಿರ ಅಯಸ್ಕಾಂತ ಇಳಿಸಿಸಿ, ಎರಡು ನಿಮಿಷದ ಕೆಲಸ.

ಜೂನ್ 28

ಚೈನು ಕತ್ತರಿಸುವ ದಿನ. ಕೊಂಡಿಯ ಒಳಮೈಯಲ್ಲಿ ಬಾಣದ ಗುರುತಿದೆ; ಪಿನ್ನು ತಳ್ಳುವುದು ಬಾಣದ ದಿಕ್ಕಿಗೆ, ಮತ್ತೆ ಹೊಡೆಯುವುದು ಬಾಣಕ್ಕೆ ಎದುರಾಗಿ. ಕೆಳಗೆ ಬಿಳಿ ಬಟ್ಟೆ ಹಾಸದಿದ್ದರೆ ಪಿನ್ನು ಹಾರಿ ಕೆಂಪು ಗಾರೆ ನೆಲದಲ್ಲಿ ಮಾಯ. ಒಂದು ಕೊಂಡಿ ಸುಮಾರು 8 ಮಿ.ಮೀ. ಒಟ್ಟು ಮೂರು ತೆಗೆದದ್ದು, 6ರ ಕಡೆಯಿಂದ ಎರಡು, 12ರ ಕಡೆಯಿಂದ ಒಂದು; ಹೀಗೆ ಮಾಡಿದರೆ ಕೊಕ್ಕೆ ಮಣಿಕಟ್ಟಿನ ಕೆಳಗೆ ನಡುವೆ ಕೂರುತ್ತದೆ. ಉಳಿದ ಸಣ್ಣ ವ್ಯತ್ಯಾಸಕ್ಕೆ ಕೊಕ್ಕೆಯಲ್ಲಿರುವ ರಂಧ್ರಗಳು. ಕಿರುಬೆರಳು ಕಷ್ಟಪಟ್ಟು ತೂರುವಷ್ಟು ಸಡಿಲ ಇರಲಿ. ತೆಗೆದ ಕೊಂಡಿ, ಪಿನ್ನುಗಳನ್ನು ಬಿಲ್ಲಿನ ಜೊತೆಗೇ ಕಟ್ಟಿಡಿ.

ಜುಲೈ 3

ತೇವದ ವಿಚಾರ. ಮಳೆಗಿಂತ ಬಚ್ಚಲಮನೆ ಅಪಾಯ. ಹಂಡೆಯ ಬಿಸಿನೀರಿಗೆ ಸೀಲು ಹಿಗ್ಗಿ ಮೆತ್ತಗಾಗುತ್ತದೆ, ಹೊರಗೆ ಬಂದು ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಹಬೆಯನ್ನು ಎಳೆದುಕೊಳ್ಳುತ್ತದೆ. 100 ಮೀಟರ್ ಎಂದು ಬರೆದಿರುವುದು ತಣ್ಣೀರಿಗೆ. 30 ಮೀಟರ್ ಎಂದಿದ್ದರೆ ಕೈ ತೊಳೆಯುವಾಗ ಸಿಡಿಯುವ ನೀರಿಗಷ್ಟೇ ಎಂದು ತಿಳಿಯಿರಿ.

ಗ್ಲಾಸಿಗೆ ಮಂಜು ಕಟ್ಟಿದರೆ ಮೊದಲು ಬಟ್ಟೆಯಲ್ಲಿ ಒರೆಸಿ. ಹೋದರೆ ಹೊರಗಿನದು. ಅನುಮಾನ ಉಳಿದರೆ ಅರ್ಧ ಗಂಟೆ ಕಟ್ಟಿಕೊಂಡು ಬೆಚ್ಚಗಾದ ವಾಚಿನ ಗ್ಲಾಸಿನ ಮೇಲೆ ಒಂದು ಹನಿ ತಣ್ಣೀರು ಬಿಟ್ಟು, ಒಂದು ನಿಮಿಷ ಬಿಟ್ಟು ಒರೆಸಿ ನೋಡಿ. ಹನಿ ಕೂತ ಜಾಗದಲ್ಲೇ ಒಳಗೆ ಮಬ್ಬು ಕಂಡರೆ ತೇವ ಸೇರಿದೆ. ಅಕ್ಕಿ ಡಬ್ಬಿಯಲ್ಲಿ ಹುಗಿಯುವುದರಿಂದ ಪ್ರಯೋಜನವಿಲ್ಲ, ಬಿಚ್ಚಿ ಒಣಗಿಸಿ ಸೀಲು ಬದಲಿಸಬೇಕು. ಈ ವಾಚಿನಲ್ಲಿ ಮಬ್ಬು ಕಂಡಿಲ್ಲ.

ತೋಟಕ್ಕೆ ಹೋಗುವವರಿಗೆ ಇನ್ನೆರಡು ಮಾತು. ಇಂಬಳಕ್ಕೆಂದು (ಜಿಗಣೆ) ಹಚ್ಚುವ ಉಪ್ಪು, ಸುಣ್ಣ ಚೈನಿನ ಸಂದಿಯಲ್ಲಿ ನಿಂತರೆ ಪಿನ್ನು ತುಕ್ಕು ಹಿಡಿಯುತ್ತದೆ, ಸಂಜೆ ಸಿಹಿನೀರಿನಲ್ಲಿ ತೊಳೆಯಿರಿ. ಕಳೆ ಹೊಡೆಯುವ ಮಷೀನು ಹಿಡಿಯುವ ದಿನ ವಾಚು ಮನೆಯಲ್ಲೇ ಇರಲಿ. ಒಂದೇ ಸಮನೆ ಅದುರುವುದು ಯಾವ ಮೆಕ್ಯಾನಿಕಲ್ ವಾಚಿಗೂ ಆಗಿಬರುವುದಿಲ್ಲ.

ಜುಲೈ 7

ಪುನರ್ವಸು ಮಳೆ. ಕೈಯಲ್ಲಿ 14 ಗಂಟೆ, ಮೇಜಿನ ಮೇಲೆ 10 ಗಂಟೆ, ಮೂರು ಮೂರು ರಾತ್ರಿ ಒಂದೊಂದು ಭಂಗಿಯಲ್ಲಿ ಇಟ್ಟು ನೋಡಿದ ಸರಾಸರಿ: ಮುಖ ಮೇಲೆ ಮಲಗಿಸಿದರೆ ದಿನಕ್ಕೆ +9. 12ರ ಅಂಚು ಮೇಲೆ ಮಾಡಿ ನಿಲ್ಲಿಸಿದರೆ +5.5. 9ರ ಅಂಚು ಕೆಳಗೆ, ಕೀ ಮೇಲೆ ಬರುವಂತೆ ಗೋಡೆಗೆ ಒರಗಿಸಿದರೆ +1.5. ಮಲಗಿದಾಗ ಬ್ಯಾಲೆನ್ಸಿನ ಅಚ್ಚು ಮೊನೆಯ ಮೇಲೆ ತಿರುಗುತ್ತದೆ, ನಿಂತಾಗ ಪಕ್ಕಕ್ಕೆ ಒರಗಿ ತಿರುಗುತ್ತದೆ; ಉಜ್ಜುವುದು ಬೇರೆ, ತೂಕ ಬೀಳುವುದೂ ಬೇರೆ. ಹಿಂಬದಿ ಬಿಚ್ಚಿ ವೇಗ ಹೊಂದಿಸುವ ರೆಗ್ಯುಲೇಟರ್ ಮುಟ್ಟಿದರೆ ವಾರಂಟಿ ಹೋಯಿತು. ರಾತ್ರಿ ಇಡುವ ಭಂಗಿ ಬದಲಿಸಲು ಯಾರ ಅಪ್ಪಣೆಯೂ ಬೇಡ.

ಜುಲೈ 11

ಓಟದ ಪರೀಕ್ಷೆ: ಪೂರ್ತಿ ಕೀ ಕೊಟ್ಟು ಮಲಗಿಸಿದ ವಾಚು 42 ಗಂಟೆ 10 ನಿಮಿಷಕ್ಕೆ ನಿಂತಿತು. ಆಟೊಮ್ಯಾಟಿಕ್‌ನಲ್ಲಿ ಮುಖ್ಯ ಸ್ಪ್ರಿಂಗಿನ ತುದಿ ತುಂಬಿದ ಮೇಲೆ ಜಾರುತ್ತದೆ, ಕೀ ಹೆಚ್ಚಾಗುವ ಭಯವಿಲ್ಲ. ಎಚ್‌ಎಂಟಿ ಜನತಾಕ್ಕೆ ಕೀ ಕೊಟ್ಟು ರೂಢಿಯಾದ ಕೈಗೆ ಮಾತ್ರ 'ಇನ್ನೂ ಯಾಕೆ ನಿಲ್ಲಲಿಲ್ಲ' ಎಂದು ಅನ್ನಿಸುತ್ತಲೇ ಇರುತ್ತದೆ.

ಜುಲೈ 26

ಪುಷ್ಯ ಮಳೆ, ಚೈನು ಬಿಚ್ಚಿ ನೈಲಾನ್ ಬೆಲ್ಟು ಹಾಕಿಯಾಗಿದೆ. ಚೈನು ಡಬ್ಬಿಯಲ್ಲಿ, ಎರಡು ಪೊಟ್ಟಣ ಸಿಲಿಕಾ ಜೆಲ್ ಜೊತೆ. 12ರಂದು ಟೈಮು ಇಟ್ಟಾಗಿನಿಂದ ರಾತ್ರಿ ಕೀ ಮೇಲೆ ಮಾಡಿಯೇ ಇಟ್ಟದ್ದು. 14 ದಿನಕ್ಕೆ ಒಟ್ಟು +23 ಸೆಕೆಂಡು. ಸೊನ್ನೆಗೆ ತಂದು ಮತ್ತೆ ಬಿಟ್ಟಿದೆ.