ಯಾರು ತೋಡಿದ್ದು?

24 ಜುಲೈ 2025, ಗುರುವಾರ, ಆಟಿ ಅಮಾವಾಸ್ಯೆ

ಬೆಳಿಗ್ಗೆ ಕುಡಿದ ಹಾಲೆ ಮರದ ಕೆತ್ತೆ (ತೊಗಟೆ) ಕಷಾಯದ ಕಹಿ ಮೆಂತೆ ಗಂಜಿ ಉಂಡ ಮೇಲೂ ಗಂಟಲಲ್ಲೇ ಉಂಟು, ಮಳೆ ಬಿಡುವ ಲಕ್ಷಣ ಇಲ್ಲ, ಇದೇ ಅಮಾವಾಸ್ಯೆಗೆ ಕರ್ಕಾಟಕ ವಾವು ಅಂತ ಕೇರಳ ಪೂರ್ತಿ ರಜೆ ಆದ್ದರಿಂದ, ನಾನು ಕೆಲಸ ಮಾಡುವ, ಜನರ ಸರಕಾರಿ ಅರ್ಜಿ ತುಂಬಿ ಕೊಡುವ ಅಕ್ಷಯ ಕೇಂದ್ರಕ್ಕೂ ಬಾಗಿಲು. ಹಾಗಾಗಿ ಇವತ್ತು ಆ ಲೇಖನವನ್ನು ಮೂರನೇ ಸಲ ಬರೀಲಿಕ್ಕೆ ಕೂತೆ. ಊರಿನ ಶಾಲೆಯ ಸ್ಮರಣ ಸಂಚಿಕೆಗೆ ನಮ್ಮ ಮನೆ ಸುರಂಗದ ಬಗ್ಗೆ ಬರೆದು ಕೊಡ್ತೇನೆ ಅಂತ ಮೇ ತಿಂಗಳಲ್ಲೇ ಒಪ್ಪಿಕೊಂಡಿದ್ದೆ.

ಕಾಸರಗೋಡಿನ ಪೆರ್ಲ, ಬಾಯಾರು, ಪೈವಳಿಕೆ ಕಡೆಯವರಿಗೆ ಸುರಂಗ ಅಂದ್ರೆ ಎಂತ ಅಂತ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ: ಗುಡ್ಡದ ಮುರಕಲ್ಲಿನೊಳಗೆ (ಜಂಬಿಟ್ಟಿಗೆ ಕಲ್ಲು) ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ ಅಡ್ಡವಾಗಿ ತೋಡಿಕೊಂಡು ಹೋಗುವುದು, ಒಳಗೆ ಒರತೆ ಸಿಕ್ಕಿದ್ರೆ ನೀರು ಪಂಪು ಕರೆಂಟು ಯಾವುದೂ ಇಲ್ಲದೆ ತನ್ನಷ್ಟಕ್ಕೆ ಹರಿದು ಹೊರಗಿನ ಟ್ಯಾಂಕಿಗೆ ಬೀಳ್ತದೆ.

ಮೊದಲ ಸಲ ಬರೆದದ್ದು 1400 ಶಬ್ದ ಆಗಿತ್ತು. ಚೆನ್ನಾಗಿ ಬಂದಿದೆ ಅಂತಲೇ ನನಗೆ ಅನಿಸಿದ್ದು. ಪ್ರಿಂಟ್ ತೆಗೆದು ಅತ್ತೆಗೆ ಕೊಟ್ಟೆ, ಅಪ್ಪನ ಅಕ್ಕ, ಕನ್ನಡ ಟೀಚರಾಗಿ ರಿಟೈರ್ ಆದವರು. ಒಂದು ವಾರ ಇಟ್ಟುಕೊಂಡು ವಾಪಸ್ ಕೊಟ್ಟಾಗ ನೋಡಿದ್ರೆ ತಿದ್ದಿದ್ದು ಬಹಳ ಕಮ್ಮಿ, ಮೊದಲ ವಾಕ್ಯದ ಪಕ್ಕ ಪೆನ್ಸಿಲಲ್ಲಿ ಒಂದೇ ಪ್ರಶ್ನೆ. ಯಾರು ತೋಡಿದ್ದು?

ನನ್ನ ವಾಕ್ಯ ಹೀಗಿತ್ತು: "ನಮ್ಮ ಮನೆಯ ಹಿಂಭಾಗದ ಗುಡ್ಡದಲ್ಲಿ ಸುಮಾರು 40 ಕೋಲಿನಷ್ಟು ಉದ್ದದ ಸುರಂಗವೊಂದನ್ನು ತೋಡಲಾಗಿದ್ದು, ಸದರಿ ಸುರಂಗದಿಂದ ವರ್ಷಪೂರ್ತಿ ನೀರಿನ ಲಭ್ಯತೆ ಇರುತ್ತದೆ."

"ಓದಿದ್ರೆ ಸುರಂಗ ತನ್ನಷ್ಟಕ್ಕೆ ಆದ ಹಾಗೆ ಕಾಣ್ತದಲ್ಲ ಮಾರಾಯ್ತಿ, ನಿನ್ನ ಅಜ್ಜ ತೋಡಿಸಿದ್ದು, ತೋಡಿದವರು ಇನ್ನೂ ಬದುಕಿದ್ದಾರೆ" ಅಂದ್ರು ಅತ್ತೆ. ಅಷ್ಟೇ ಹೇಳಿದ್ದು. ಮನೆಗೆ ಬಂದು ಕೆಂಪು ಪೆನ್ನು ಹಿಡಿದು ಲಾಗಿದೆ, ಲಾಯಿತು, ಲಾಗುತ್ತದೆ ಅಂತ ಮುಗಿದ ಕಡೆಗೆಲ್ಲ ಗೆರೆ ಹಾಕ್ತಾ ಹೋದೆ, ನಾಲ್ಕು ಪುಟದಲ್ಲಿ 23 ಸಿಕ್ಕಿತು.

ಇದು ಎಲ್ಲಿಂದ ಬಂತು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಕೆಲಸದಲ್ಲಿ ಒಬ್ಬರು ಅಜ್ಜಿಗೆ ಮನೆ ರಿಪೇರಿಯ ಅರ್ಜಿ ಟೈಪ್ ಮಾಡ್ತಾ ಇರುವಾಗ ಹೊಳೆಯಿತು. ಬೆಳಿಗ್ಗಿಂದ ಸಂಜೆವರೆಗೆ ನಾನು ಬರೆಯುವ ಕನ್ನಡವೇ ಅದು, "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ", "ಸದರಿ ಸ್ಥಳದಲ್ಲಿ", "ಕ್ರಮ ಕೈಗೊಳ್ಳಬೇಕಾಗಿ ವಿನಂತಿ". ಅಜ್ಜಿ ಎದುರು ಕೂತು "ಮಾಡು ಸೋರ್ತದೆ ಮಗಾ, ರಾತ್ರಿ ನಿದ್ದೆ ಇಲ್ಲ" ಅಂತ ಹೇಳಿದ್ದು ನನ್ನ ಕೈಯಲ್ಲಿ "ಮೇಲ್ಛಾವಣಿಯು ಶಿಥಿಲಾವಸ್ಥೆಯಲ್ಲಿದ್ದು" ಅಂತ ಆಗ್ತದೆ. ಅರ್ಜಿಗೆ ಅದು ಬೇಕಾಗಬಹುದು, ನಾನು ಅದನ್ನು ತಪ್ಪು ಅಂತ ಹೇಳ್ತಾ ಇಲ್ಲ. ಆದ್ರೆ ನನ್ನ ಅಜ್ಜನ ಬಗ್ಗೆ ಬರೀಲಿಕ್ಕೆ ಕೂತಾಗಲೂ ಅದೇ ಬೆರಳು ಅದೇ ದಾರಿಯಲ್ಲಿ ಹೋಗಿದೆ, ನನಗೆ ಗೊತ್ತೇ ಆಗ್ಲಿಲ್ಲ.

ಎರಡನೇ ಸಲ ಬೇರೆ ರೀತಿ ಮಾಡಿದೆ. ಬರೆದದ್ದನ್ನು ನಾಲ್ಕು ದಿನ ಮುಟ್ಟದೆ ಇಟ್ಟೆ, ಆಮೇಲೆ ಫೋನಲ್ಲಿ ರೆಕಾರ್ಡ್ ಮಾಡಿಕೊಂಡು ಜೋರಾಗಿ ಓದಿದೆ, ಪಾತ್ರೆ ತೊಳೀತಾ ಅದನ್ನೇ ಕೇಳಿದೆ. ಕಣ್ಣು ಬಿಟ್ಟುಬಿಡುವುದನ್ನು ಕಿವಿ ಬಿಡುವುದಿಲ್ಲ, ಎಲ್ಲಿ ಉಸಿರು ಸಿಕ್ಕಿಕೊಂಡಿತೋ ಅಲ್ಲೆಲ್ಲ ವಾಕ್ಯದ ಬಾಲ ಉದ್ದ ಇತ್ತು. "ಸುಮಾರು 40 ಕೋಲಿನಷ್ಟು" ಅಂತ ಓದುವಾಗ ಸುಮಾರು ಇದ್ದ ಮೇಲೆ ಅಷ್ಟು ಯಾಕೆ ಅಂತ ಗೊತ್ತಾಯ್ತು, "ಆದರೂ ಕೂಡಾ" ಅನ್ನುವುದರಲ್ಲಿ ಕೂಡಾ ಸುಮ್ಮನೆ ಕೂತಿತ್ತು. ನಮ್ಮ ಊರಿನವರಿಗೆ ಇನ್ನೊಂದು ತಾಪತ್ರಯ ಉಂಟು, ಮಲಯಾಳ ಒಳಗಿಂದ ನುಗ್ಗುವುದು. ಸುರಂಗದ ಸಹಾಯಧನಕ್ಕೆ "ಅಪೇಕ್ಷೆ ಕೊಟ್ಟರು" ಅಂತ ಬರೆದಿದ್ದೆ, ಮಲಯಾಳದಲ್ಲಿ ಅಪೇಕ್ಷೆ ಅಂದ್ರೆ ಅರ್ಜಿ, ಕನ್ನಡದಲ್ಲಿ ಆಸೆ. ಇನ್ನೊಂದು ಕಡೆ "ಓದುವ ಅವಸರ ಸಿಗಲಿಲ್ಲ" ಅಂತ ಇತ್ತು. ಅವರಿಗೆ ಅವಸರ ಅಂದ್ರೆ ಅವಕಾಶ, ಅವಕಾಶ ಅಂದ್ರೆ ಹಕ್ಕು, ನಮಗೆ ಅವಸರ ಅಂದ್ರೆ ಗಡಿಬಿಡಿ! ಇದನ್ನು ಯಾವ ಸ್ಪೆಲ್ಲಿಂಗ್ ಚೆಕ್ಕೂ ಹಿಡಿಯುವುದಿಲ್ಲ, ಯಾಕಂದ್ರೆ ಶಬ್ದ ಸರಿಯೇ ಉಂಟು, ಊರು ಮಾತ್ರ ಬೇರೆ.

ಬೆಂಗಳೂರಲ್ಲಿರುವ ಗೆಳತಿಗೂ ಕಳಿಸಿದ್ದೆ. ಅವಳು "ಉಂಟು" ಇದ್ದ ಕಡೆ "ಇದೆ" ಮಾಡು, "ದಂಬೆ" ಯಾರಿಗೂ ಗೊತ್ತಾಗಲ್ಲ ತೆಗೆದುಬಿಡು ಅಂತ ಹೇಳಿದಳು. ಸ್ವಲ್ಪ ಬೇಜಾರಾಯ್ತು, ಆಮೇಲೆ ಯೋಚಿಸಿದೆ. ಅವಳು ಎಡವಿದ್ದು ನಿಜ, ಆದ್ರೆ ಅದಕ್ಕೆ ಅವಳು ಹೇಳಿದ ಮದ್ದೇ ಆಗಬೇಕಂತ ಇಲ್ಲ. "ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಅಂಗಳದವರೆಗೆ ಬರ್ತಿತ್ತು" ಅಂತ ಬರೆದೆ, ಶಬ್ದ ಉಳಿಯಿತು, ಅರ್ಥವೂ ಅದರ ಜೊತೆಗೇ ಬಂತು. ಉಂಟು ಉಂಟಾಗಿಯೇ ಉಳಿಯಿತು. ಈಗ ಯಾರಿಗೆ ಓದಲಿಕ್ಕೆ ಕೊಟ್ಟರೂ ಹೇಗಿದೆ ಅಂತ ಕೇಳುವುದಿಲ್ಲ, ಎಲ್ಲಿ ನಿಂತುಹೋದಿರಿ ಅಂತ ಮಾತ್ರ ಕೇಳ್ತೇನೆ.

ಸುರಂಗ ತೋಡಿದ ಅಜ್ಜನ ಮನೆಗೇ ಕಳೆದ ಭಾನುವಾರ ಹೋದೆ. ಅವರಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ, ಆದ್ರೆ ಯಕ್ಷಗಾನ ತಾಳಮದ್ದಳೆ ಕೇಳಿ ಕೇಳಿ ಕನ್ನಡ ಚೆನ್ನಾಗಿ ಅರ್ಥ ಆಗ್ತದೆ. ಜಗಲಿಯಲ್ಲಿ ಕೂತು ಪೂರ್ತಿ ಓದಿದೆ, ಅವರು ಎಲೆ ಅಡಿಕೆ ಜಗಿಯುತ್ತಾ ಮಧ್ಯೆ ಒಂದೂ ಮಾತಾಡದೆ ಕೇಳಿದ್ರು. ಮುಗಿದ ಮೇಲೆ ತುಳುವಿನಲ್ಲಿ ಕೇಳಿದ್ರು, "ಉಂದೆಟ್ ತುಡರ್ ಓಲುಂಡು ಮಗಾ?" ಇದರಲ್ಲಿ ದೀಪ ಎಲ್ಲಿ ಉಂಟು ಅಂತ.

ಒಳಗೆ ಹೋಗುವಾಗ ದೀಪ ಹಿಡಿದುಕೊಂಡೇ ಹೋಗುವುದಂತೆ, ಬೆಳಕಿಗೆ ಮಾತ್ರ ಅಲ್ಲ. ಗೋಡೆಯಲ್ಲಿ ಸಣ್ಣ ಗೂಡು ಕೊರೆದು ಅದರಲ್ಲಿ ಇಟ್ಟು ಪಿಕ್ಕಾಸು ಹಾಕ್ತಾ ಇರುವಾಗ ಜ್ವಾಲೆ ಸಣ್ಣ ಆಯ್ತಾ, ಗಾಳಿ ಕಮ್ಮಿ ಆಯ್ತು ಅಂತ ಲೆಕ್ಕ, ಕೆಲಸ ಅಷ್ಟಕ್ಕೇ ಬಿಟ್ಟು ಹೊರಗೆ ಬರಬೇಕು. ನಾನು ಉದ್ದ, ಅಗಲ, ಟ್ಯಾಂಕಿನ ಅಳತೆ ಎಲ್ಲ ಬರೆದಿದ್ದೆ, ಮನುಷ್ಯನ ಜೀವ ಯಾವುದರ ಮೇಲೆ ನಿಂತಿತ್ತೋ ಅದೇ ಬಿಟ್ಟುಹೋಗಿತ್ತು.

ಇವತ್ತು ಬರೆದದ್ದು ಹೀಗೆ ಶುರುವಾಗ್ತದೆ: "ಮನೆ ಹಿಂದಿನ ಗುಡ್ಡಕ್ಕೆ ಅಜ್ಜ ಸುರಂಗ ತೋಡಿಸಿದರು. ಎರಡೂವರೆ ಅಡಿಗೆ ಒಂದು ಕೋಲಿನ ಲೆಕ್ಕದಲ್ಲಿ 40 ಕೋಲು, ಅಂದರೆ 100 ಅಡಿ. ತೋಡಿದವರು ಗೋಡೆಯ ಗೂಡಿನಲ್ಲಿ ಒಂದು ದೀಪ ಇಟ್ಟುಕೊಂಡಿದ್ದರು, ಅದು ಸಣ್ಣಗಾದರೆ ಹೊರಗೆ ಬರುತ್ತಿದ್ದರು. ಮಣ್ಣು ಬುಟ್ಟಿಯಲ್ಲಿ ಹೊರಗೆ ಬೀಳುತ್ತಿತ್ತು." 1400 ಇದ್ದದ್ದು 900ಕ್ಕೆ ಇಳಿದಿದೆ, ಲಾಗಿದೆ ಒಂದೂ ಇಲ್ಲ, ಹುಡುಕಿ ನೋಡಿದೆ.

ಸಂಜೆ ಅತ್ತೆಗೆ ಫೋನ್ ಮಾಡಿ ಓದಿ ಹೇಳಿದೆ. ದೀಪದ ಹತ್ತಿರ ಬಂದಾಗ "ಹಾಂ" ಅಂದ್ರು, ಆ ಹಾಂ ಕೇಳಿ ನನಗೆ ತುಂಬ ಖುಷಿಯಾಯ್ತು. ಮುಂದಿನ ವಾಕ್ಯಕ್ಕೆ ನಿಲ್ಲಿಸಿದ್ರು.

"ಮಣ್ಣು ಹೊತ್ತದ್ದು ಯಾರು?"

ತೋಡಿದ ಅಜ್ಜನ ಹೆಂಡತಿ ಅಂತ ಅಪ್ಪ ಹೇಳ್ತಾರೆ, ಅತ್ತೆಗೆ ಗಟ್ಟಿಯಾಗಿ ನೆನಪಿಲ್ಲ. ಕಳೆದ ಭಾನುವಾರ ನನಗೆ ಚಾ ತಂದು ಕೊಟ್ಟದ್ದು ಆ ಅಜ್ಜಿಯೇ, ನಾನು ಓದುವಾಗ ಬಾಗಿಲ ಹತ್ತಿರ ನಿಂತು ಕೇಳ್ತಾ ಇದ್ರು. ನಾಳೆ ಕೆಲಸ ಮುಗಿಸಿ ಹಾಗೇ ಆ ಕಡೆ ಹೋಗಿ ಬರ್ತೇನೆ.