ನುಡಿಯಿಂದ ಯೂನಿಕೋಡ್‌ಗೆ: ಕೈಪಿಡಿ ತಿದ್ದಿದ ಎರಡು ವಾರ

ಹಳೇ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಲು ಬರೆದುಕೊಂಡಿದ್ದ ನನ್ನ ಪುಟ್ಟ ಕಮಾಂಡ್ ಲೈನ್ (ಕಮಾಂಡ್ ಟೈಪ್ ಮಾಡಿ ಓಡಿಸುವ) ಟೂಲ್ ಈಗ ತಕ್ಕಮಟ್ಟಿಗೆ ನಿಂತಿದೆ. ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೇ ಕನ್ನಡದ ಆಕಾರ ಕೂರಿಸುತ್ತದೆ, ಯೂನಿಕೋಡ್‌ನಲ್ಲಿ ಕನ್ನಡಕ್ಕೇ ಬೇರೆ ಸಂಕೇತಗಳಿವೆ. ಈ ಎರಡು ವಾರ ಕೋಡ್ ಮುಟ್ಟಬಾರದು, ಬರೀ ಕೈಪಿಡಿ ತಿದ್ದಬೇಕು ಅಂತ ಕೂತೆ. ಮುಟ್ಟದೆ ಇರಲು ಆಗಲಿಲ್ಲ, ಆ ಕಥೆ ಕೆಳಗಿದೆ.

ಮೊದಲ ಶನಿವಾರ ಲ್ಯಾಪ್‌ಟಾಪನ್ನು ಅತ್ತಿಗೆಯ ಮುಂದಿಟ್ಟೆ. ಅವರು 20 ವರ್ಷದಿಂದ ಡಿಟಿಪಿ ಮಾಡುವವರು. ನುಡಿ ಅಂಗೈಯಷ್ಟು ಪರಿಚಯ, ಕಮಾಂಡ್ ಹೊಡೆಯುವ ಕಿಟಕಿಯಾದ ಟರ್ಮಿನಲ್ ಮಾತ್ರ ಹೊಸದು. "ಇದನ್ನು ನೋಡ್ಕೊಂಡು ಒಂದು ಕಡತ ಬದಲಾಯಿಸಿ ಅತ್ತಿಗೆ, ನಾನು ಬಾಯಿ ಬಿಡಲ್ಲ" ಅಂದೆ. ಮೂರು ನಿಮಿಷದಲ್ಲಿ ಸಿಕ್ಕಿಹಾಕಿಕೊಂಡರು. ಕಮಾಂಡ್ ಹೇಗೆ ಬರೆಯಬೇಕೆಂದು ತೋರಿಸುವ ಬಳಕೆಯ ಸಾಲಿನಲ್ಲಿದ್ದ ಚೌಕ ಬ್ರಾಕೆಟ್‌ಗಳನ್ನೂ ಟೈಪ್ ಮಾಡಿದ್ದರು. ಕಡತ ಸಿಗಲಿಲ್ಲ ಅಂತ ಟೂಲ್ ಹೇಳಿತು.

"ನೀನು ಬರೆದಿದ್ದನ್ನೇ ತಾನೇ ಹೊಡೆದಿದ್ದು?"

ನಿಜ ಅಲ್ವಾ? ಬ್ರಾಕೆಟ್ ಒಳಗಿನದು ಬೇಕಿದ್ದರೆ ಹಾಕಿ, ಬೇಡದಿದ್ದರೆ ಬಿಡಿ ಎನ್ನುವ ಅರ್ಥ ಮ್ಯಾನ್ ಪುಟ (ಟರ್ಮಿನಲ್‌ನಲ್ಲೇ ತೆರೆಯುವ ಕೈಪಿಡಿ) ಓದಿ ರೂಢಿಯಾದವರಿಗಷ್ಟೇ ಗೊತ್ತು. ಆ ಸಾಲನ್ನು ಕೆಳಕ್ಕೆ ತಳ್ಳಿ, ಹಾಗೇ ಟೈಪ್ ಮಾಡಬಹುದಾದ ಮೂರು ಉದಾಹರಣೆಗಳನ್ನು ಮೇಲೆ ಇಟ್ಟೆ.

ಆಮೇಲೆ ನಡೆದದ್ದಕ್ಕೆ ನನ್ನ ಎದೆ ಧಸಕ್ಕೆಂದಿತು. ಉದಾಹರಣೆಯಲ್ಲಿ > ಗುರುತು ಹಾಕಿ ಫಲಿತಾಂಶವನ್ನು ಹೊಸ ಕಡತಕ್ಕೆ ಕಳಿಸಿದ್ದೆ. ಅತ್ತಿಗೆ ಎರಡೂ ಕಡೆ ಒಂದೇ ಹೆಸರು ಕೊಟ್ಟರು. ಟೂಲ್ ಶುರುವಾಗುವ ಮೊದಲೇ ಶೆಲ್ (ನಾವು ಹೊಡೆದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಆ ಕಡತವನ್ನು ಖಾಲಿ ಮಾಡಿಬಿಡುತ್ತದೆ. ಉಳಿದದ್ದು 0 ಬೈಟ್! ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿತ್ತು, ಬಚಾವ್. ಆ ರಾತ್ರಿ ದಪ್ಪ ಅಕ್ಷರದಲ್ಲಿ ಎಚ್ಚರಿಕೆ ಬರೆದೆ. ಬೆಳಿಗ್ಗೆ ಅಳಿಸಿದೆ. ಅವಸರದಲ್ಲಿ ಇರುವವರು ಅದನ್ನೆಲ್ಲಿ ಓದುತ್ತಾರೆ? ಬದಲಿಗೆ, ತಾತ್ಕಾಲಿಕ ಕಡತಕ್ಕೆ ಬರೆದು, ಎಲ್ಲ ಮುಗಿದ ಮೇಲೆ ಹೆಸರು ಬದಲಿಸುವ ಒಂದು ಆಯ್ಕೆಯನ್ನು ಟೂಲ್‌ಗೇ ಸೇರಿಸಿದೆ. ಉದಾಹರಣೆಗಳಿಂದ > ಹೋಯಿತು.

ಎರಡನೇ ವಾರ ಒಂದು ವಿಚಿತ್ರ. ಮ್ಯಾನ್ ಪುಟದಿಂದ ಕಾಪಿ ಮಾಡಿದ ಕಮಾಂಡ್ ಓಡಲೇ ಇಲ್ಲ. ಕಣ್ಣಿಗೆ ಎಲ್ಲ ಸರಿಯಾಗೇ ಇತ್ತು. ಒಂದು ಸಂಜೆ ಪೂರ್ತಿ ಹೋಯಿತು. ಮ್ಯಾನ್ ಪುಟದ ಮೂಲ ಕಡತದಲ್ಲಿ ಆಯ್ಕೆಗಳ ಮುಂದಿನ ಗೆರೆಗೆ \ ಹಾಕದೆ ಬರೀ - ಬರೆದಿದ್ದೆ. ಪರದೆಗೆ ಬರುವಾಗ ಅದು ಕೀಬೋರ್ಡಿನ ಗೆರೆಯಾಗಿ ಉಳಿಯದೆ, ನೋಡಲು ಅದರಂತೆಯೇ ಇರುವ ಬೇರೆ ಹೈಫನ್ ಆಗಿತ್ತು. ಎಲ್ಲ ಕಡೆ \- ಮಾಡಿದೆ.

ಕೈಪಿಡಿಯಲ್ಲಿ ಅರ್ಕಾವತ್ತಿನ ವಿವರಣೆ ಮೊದಲು "ಕ್ರಮ ಸರಿಪಡಿಸುತ್ತದೆ" ಎಂದಷ್ಟೇ ಇತ್ತು. ಈಗ "ಸೂರ್ಯ" ಎಂಬ ಉದಾಹರಣೆ ಇದೆ: ನುಡಿ ಕಡತದಲ್ಲಿ ಅರ್ಕಾವತ್ತು ಯಕಾರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರವೇ ಮೊದಲು. ಅತ್ತಿಗೆ "ಓ, ಹಾಗಾ" ಅಂದರು. ನನಗೆ ಅಷ್ಟು ಸಾಕು.

ಕಡತದ ನಡುವಿನ ಇಂಗ್ಲಿಷ್ ಪದಗಳೂ ಕನ್ನಡವಾಗಿ ಕಲಸುಮೇಲೋಗರ ಆಗುತ್ತವೆ. ಬರೀ ಪಠ್ಯದ ಕಡತದಲ್ಲಿ ಯಾವ ಪದಕ್ಕೆ ಯಾವ ಫಾಂಟ್ ಎಂಬ ಮಾಹಿತಿಯೇ ಉಳಿದಿರುವುದಿಲ್ಲ. ಟೂಲ್‌ಗೆ ಇದು ಆಗದ ಕೆಲಸ ಅಂತ ಮೊದಲ ಪುಟದಲ್ಲೇ ಬರೆದೆ. ಇಷ್ಟು ದಿನ ಕೊನೇ ಪುಟದಲ್ಲಿ ಬಚ್ಚಿಟ್ಟಿದ್ದೆ, ಸುಳ್ಳೇಕೆ.

ಬಾಕಿ ಇರುವುದು ಎಕ್ಸಿಟ್ ಕೋಡ್, ಅಂದರೆ ಕೆಲಸ ಮುಗಿದಾಗ ಟೂಲ್ ಕೊಡುವ ಅಂಕಿ: 0 ಅಂದರೆ ಎಲ್ಲ ಸರಿ, ಬೇರೆ ಬಂದರೆ ಏನೋ ತಪ್ಪು. ಒಂದು ಕಡತ ಕೆಟ್ಟರೂ 1 ಕೊಡುತ್ತದೆ ಅಂತ ಕೈಪಿಡಿ ಹೇಳುತ್ತದೆ. ಹತ್ತರಲ್ಲಿ ಒಂದನ್ನು ಬೇಕಂತಲೇ ಕೆಡಿಸಿ ಓಡಿಸಿದೆ, 0 ಬಂತು. ಈ ಸಲ ಕೈಪಿಡಿ ಹೇಳುವುದೇ ಸರಿ, ತಿದ್ದಬೇಕಾದ್ದು ಕೋಡ್. ಭಾನುವಾರ ಅತ್ತಿಗೆ ಮತ್ತೆ ಕೂರುತ್ತಾರಂತೆ, ಅಷ್ಟರೊಳಗೆ ಮುಗಿಸಬೇಕು.